ಕಾಲಚಕ್ರದ ಕಲ್ಪನೆ ಮತ್ತು ಶ್ರುತರಕ್ಷಣೆ: ಬೆಳುಗಲಿ ನಾಡಿನ ಹಿನ್ನೆಲೆಯಲ್ಲಿ

ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನಡುವಣ ಸೀಮೆಯು ಕನ್ನಡ ಜೈನವಾಙ್ಮಯದ ಚರಿತ್ರೆಯಲ್ಲಿ ವಿಶಿಷ್ಟ ಸ್ಥಾನವನ್ನು ಪಡೆದಿದೆ. ಇಂದು ಬಾಗಲಕೋಟೆ ಜಿಲ್ಲೆಗೆ ಸೇರಿರುವ ಜಮಖಂಡಿ, ಮುಧೋಳ, ಮಹಾಲಿಂಗಪುರ, ತೇರದಾಳಗಳು ಈ ಸೀಮೆಯ ಮುಖ್ಯ ಊರುಗಳು. ಕ್ರಿ.ಶ. 949ರಲ್ಲಿ ಬಳೆಗಾರರ ಕುಲದ ಜಿನವಲ್ಲಭ ಮತ್ತು ಅಬ್ಬಲಬ್ಬೆಯರ ಮಗನಾಗಿ ಜನಿಸಿದ ಕವಿಚಕ್ರವರ್ತಿ ರನ್ನನು ತನ್ನ ಹುಟ್ಟೂರು ಬೆಳುಗಲಿ ನಾಡಿನ ಜಂಬುಖಂಡಿ ಎಪ್ಪತ್ತಕ್ಕೆ ಸೇರಿದ ಮುದುವೊಳಲೆಂದು ಹೇಳಿಕೊಂಡಿದ್ದಾನೆ. ಜಂಬುಖಂಡಿಯೇ ಜಮಖಂಡಿ, ಮುದುವೊಳಲೇ ಮುಧೋಳ, ಬೆಳುಗಲಿಯ ಹೆಸರನ್ನು ಇಂದಿಗೂ ಹೊತ್ತಿರುವುದು ಮಹಾಲಿಂಗಪುರದ ನೆರೆಯ ರನ್ನ ಬೆಳಗಲಿ ಎಂಬುದು ವಿದ್ವಾಂಸರಿಗೆ ತಿಳಿದ ವಿಷಯ. ಮಹಾಲಿಂಗಪುರವೆಂದೊಡನೆ ಬೆಲ್ಲದ ಪೇಟೆಯೂ ನೇಕಾರರ ಮಗ್ಗಗಳೂ ಮಹಾಲಿಂಗೇಶ್ವರನ ಜಾತ್ರೆಯೂ ಜನರ ನೆನಪಿಗೆ ಬರುವುದು ಸಹಜ. ಆದರೆ ಸಾವಿರ ವರ್ಷಗಳ ಹಿಂದೆ ಇದೇ ಬಯಲಿನಲ್ಲಿ ಹುಟ್ಟಿದ ಒಬ್ಬ ಕವಿಯೂ, ಮುಂದೆ ಇಲ್ಲಿಯೇ ಆಳಿದ ಒಬ್ಬ ಮಾಂಡಳಿಕನೂ ಕಾಲದ ಇಳಿಮುಖದ ಪ್ರಶ್ನೆಗೆ ತಮ್ಮ ತಮ್ಮ ರೀತಿಯಲ್ಲಿ ಉತ್ತರವಿತ್ತರೆಂಬುದು ಅಷ್ಟಾಗಿ ಗಮನಕ್ಕೆ ಬಂದಿಲ್ಲ.

ಪ್ರಶ್ನೆ ಇದು. ಭರತ ಮತ್ತು ಐರಾವತ ಕ್ಷೇತ್ರಗಳಲ್ಲಿ ಕಾಲವು ಉತ್ಸರ್ಪಿಣಿ, ಅವಸರ್ಪಿಣಿಗಳೆಂಬ ಎರಡು ರೂಪಗಳಲ್ಲಿ ಏರುತ್ತ ಇಳಿಯುತ್ತ ತಿರುಗುತ್ತದೆ. ಈಗ ನಡೆಯುತ್ತಿರುವುದು ಅವಸರ್ಪಿಣಿ, ಅದರಲ್ಲಿಯೂ ಐದನೆಯದಾದ ದುಷ್ಷಮಕಾಲ. ಆಯುಸ್ಸು, ದೇಹದ ಎತ್ತರ, ಬಲ, ಬುದ್ಧಿ, ಧರ್ಮ ಇವೆಲ್ಲವೂ ಕ್ಷೀಣಿಸುವುದು ಈ ಕಾಲದ ಸ್ವಭಾವವೆಂದಾದರೆ, ಒಳಿತು ಕೆಡುಕುಗಳು ಕಾಲಕ್ಕೆ ಸೇರಿದುವೋ ಜೀವಕ್ಕೆ ಸೇರಿದುವೋ? ಕಾಲಕ್ಕೆ ಸೇರಿದುವೆಂದರೆ ಪಾಪಿಗೆ ಹೊಣೆಯಿಲ್ಲ, ಪುಣ್ಯವಂತನಿಗೆ ಫಲವಿಲ್ಲ. ಅಳಿಯಲೆಂದೇ ಇರುವ ಶಾಸ್ತ್ರವನ್ನು ಓಲೆಗರಿಯ ಮೇಲೆ ಬರೆದು ಬರೆದು ಉಳಿಸುವ ಪ್ರಯಾಸಕ್ಕೂ ಅರ್ಥವಿರದು. ಹಸ್ತಪ್ರತಿಗಳ ಅಧ್ಯಯನದಲ್ಲಿ ತೊಡಗಿದವರಿಗೆ ಈ ಪ್ರಶ್ನೆ ಕೇವಲ ತಾತ್ತ್ವಿಕವಾದುದಲ್ಲ.

ಕಾಲವಿಭಾಗದ ಲೆಕ್ಕವನ್ನು ಯತಿವೃಷಭಾಚಾರ್ಯರ ತಿಲೋಯಪಣ್ಣತ್ತಿಯೂ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ತ್ರಿಲೋಕಸಾರವೂ ವಿಸ್ತಾರವಾಗಿ ಕೊಡುತ್ತವೆ. ಅವಸರ್ಪಿಣಿಯ ಪ್ರಮಾಣ 10 ಕೋಟಾಕೋಟಿ ಸಾಗರೋಪಮ. ಉತ್ಸರ್ಪಿಣಿಯದೂ ಅಷ್ಟೇ. ಸುಷಮಸುಷಮವು 4, ಸುಷಮವು 3, ಸುಷಮದುಷ್ಷಮವು 2 ಕೋಟಾಕೋಟಿ ಸಾಗರಗಳು. ದುಷ್ಷಮಸುಷಮವು 42,000 ವರ್ಷ ಕಡಿಮೆಯಾದ 1 ಕೋಟಾಕೋಟಿ ಸಾಗರ. ದುಷ್ಷಮ ಮತ್ತು ಅತಿದುಷ್ಷಮಗಳು ತಲಾ 21,000 ವರ್ಷ. ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಕೆಡುಕಿನ ಕಾಲಗಳೆರಡೂ ಕೂಡಿ 42,000 ವರ್ಷಗಳು ಮಾತ್ರ. ಸಾಗರೋಪಮದ ಎದುರಿಗೆ ಅದು ಲೆಕ್ಕಕ್ಕೇ ಬಾರದಷ್ಟು ಅಲ್ಪ. ಅವಸರ್ಪಿಣಿಯೆಂದರೆ ಬಹುಪಾಲು ದುಃಖವೇ ಎಂಬ ರೂಢಿಯ ತಿಳಿವಳಿಕೆಗೆ ಗ್ರಂಥಗಳ ಆಧಾರವಿಲ್ಲ. ವೀರನಿರ್ವಾಣದ ಬಳಿಕ 3 ವರ್ಷ ಎಂಟೂವರೆ ತಿಂಗಳಿಗೆ ಪಂಚಮಕಾಲ ಆರಂಭವಾಯಿತು. ನಿರ್ವಾಣವನ್ನು ಕ್ರಿ.ಪೂ. 527 ಎಂದು ಹಿಡಿದರೆ ಈ ಕಾಲದಲ್ಲಿ ಕಳೆದಿರುವುದು ಎರಡೂವರೆ ಸಾವಿರ ವರ್ಷಕ್ಕೆ ತುಸು ಹೆಚ್ಚು. ಹದಿನೆಂಟು ಸಾವಿರಕ್ಕೂ ಮಿಕ್ಕ ವರ್ಷಗಳು ಇನ್ನೂ ಉಳಿದಿವೆ.

ವೈದಿಕ ಪುರಾಣಗಳ ಕೃತ, ತ್ರೇತಾ, ದ್ವಾಪರ, ಕಲಿಗಳ ವಿಭಾಗದೊಡನೆ ಈ ಕ್ರಮವನ್ನು ಹೋಲಿಸುವುದು ವಾಡಿಕೆಯಾಗಿದೆ. ಹೋಲಿಕೆ ಮೇಲುನೋಟದ್ದು. ಕೃತಯುಗದಲ್ಲಿ ಧರ್ಮ ನಾಲ್ಕು ಕಾಲುಗಳ ಮೇಲೆ ನಿಂತಿರುತ್ತದೆಯೆಂದು ಅಲ್ಲಿ ಹೇಳಿದೆ. ಇಲ್ಲಿಯಾದರೋ ಅತ್ಯಂತ ಸುಖದ ಕಾಲವೇ ಧರ್ಮದ ಪರಾಕಾಷ್ಠೆಯಲ್ಲ. ಮೊದಲ ಮೂರು ಕಾಲಗಳು ಭೋಗಭೂಮಿ. ಹತ್ತು ಬಗೆಯ ಕಲ್ಪವೃಕ್ಷಗಳು ಬೇಡಿದುದನ್ನು ಕೊಡುತ್ತವೆ. ಯುಗಳವಾಗಿ ಹುಟ್ಟಿದವರು ಯುಗಳವಾಗಿಯೇ ಬಾಳಿ ದೇವಗತಿಗೆ ಸಲ್ಲುತ್ತಾರೆ. ಅಲ್ಲಿ ಕಳವಿಲ್ಲ, ಕೊಲೆಯಿಲ್ಲ, ಆದರೆ ವ್ರತವೂ ಇಲ್ಲ, ಸಂಯಮವೂ ಇಲ್ಲ, ಮೋಕ್ಷವೂ ಇಲ್ಲ. ಕೆಡುಕಿಗೆ ಆಸ್ಪದವಿಲ್ಲದೆಡೆಯಲ್ಲಿ ಅದನ್ನು ತೊರೆಯುವ ಪ್ರಶ್ನೆ ಹುಟ್ಟದು. ಸುಖವೂ ದುಃಖವೂ ಬೆರೆತಿರುವ ನಾಲ್ಕನೆಯ ಕಾಲವೇ ಮೋಕ್ಷಮಾರ್ಗ ತೆರೆದಿರುವ ಕಾಲ, ಮತ್ತು ವಿದೇಹಕ್ಷೇತ್ರದಲ್ಲಿ ಎಂದೆಂದಿಗೂ ನೆಲೆಯಾಗಿರುವುದು ಅಂತಹ ಸ್ಥಿತಿಯೇ. ಕಾಲಚಕ್ರದ ಚಿತ್ರಪಟವನ್ನು ನೋಡಿ ತುತ್ತತುದಿಯೇ ಶ್ರೇಷ್ಠವೆಂದು ಬಗೆಯುವವರು ಈ ಸೂಕ್ಷ್ಮವನ್ನು ಮರೆಯುತ್ತಾರೆ.

ಭೋಗಭೂಮಿ ಕರ್ಮಭೂಮಿಯಾಗಿ ಮಾರ್ಪಡುವ ಸಂಧಿಕಾಲವನ್ನು ಜಿನಸೇನಾಚಾರ್ಯರು ಮಹಾಪುರಾಣದಲ್ಲಿ ನಿರೂಪಿಸಿರುವ ಪರಿ ಅತ್ಯಂತ ಮಾನವೀಯವಾದುದು. ಬೆಳಕನ್ನೀಯುತ್ತಿದ್ದ ಜ್ಯೋತಿರಂಗ ವೃಕ್ಷಗಳು ಮಂಕಾದಾಗ, ಅಂದಿನವರೆಗೆ ಕಾಣದಿದ್ದ ಸೂರ್ಯಚಂದ್ರರು ಆಕಾಶದಲ್ಲಿ ಕಾಣಿಸಿಕೊಂಡು ಪ್ರಜೆಗಳು ಭಯಗೊಂಡರು. ಮೊದಲ ಮನುವಾದ ಪ್ರತಿಶ್ರುತಿಯು ಅವರ ಅಂಜಿಕೆಯನ್ನು ಕಳೆದನು. ಮುಂದೆ ಸನ್ಮತಿಯ ಕಾಲದಲ್ಲಿ ತಾರೆಗಳು ಕಂಡವು. ಕ್ಷೇಮಂಕರನ ಕಾಲದಲ್ಲಿ ಸಾಧುವಾಗಿದ್ದ ಮೃಗಗಳು ಕ್ರೂರವಾದುವು. ಸೀಮಂಕರನ ಕಾಲಕ್ಕೆ ಬರುವಾಗ ಕಲ್ಪವೃಕ್ಷಗಳು ವಿರಳವಾಗಿ, ಇದು ನನ್ನದು ಅದು ನಿನ್ನದು ಎಂಬ ಕಲಹ ಹುಟ್ಟಿ ಎಲ್ಲೆಗಳನ್ನು ಗೊತ್ತುಮಾಡಬೇಕಾಯಿತು. ದಂಡನೆಯ ಕ್ರಮವಂತೂ ಇನ್ನೂ ಅರ್ಥವತ್ತಾಗಿದೆ. ಮೊದಲ ಐವರು ಮನುಗಳು ‘ಹಾ’ ಎಂದರೆ ಸಾಕಾಗಿತ್ತು. ನಂತರದ ಐವರಿಗೆ ‘ಹಾ’ದೊಡನೆ ‘ಮಾ’ ಎಂಬ ನಿಷೇಧವೂ ಬೇಕಾಯಿತು. ಆಮೇಲಿನವರಿಗೆ ‘ಧಿಕ್’ ಎಂಬ ಮೂರನೆಯ ಮಾತು ಸೇರಿತು. ಸೆರೆ ಮತ್ತು ದೇಹದಂಡನೆಗಳು ಬಂದುದು ಭರತಚಕ್ರಿಯ ಕಾಲಕ್ಕೆ. ಹೀಗೆ ಕೆಡುಕು ಹೊರಗಿನಿಂದ ಬಂದೆರಗಿದ ಶಕ್ತಿಯಲ್ಲ. ಕೊರತೆ, ಅದರಿಂದ ಮಮಕಾರ, ಮಮಕಾರದಿಂದ ಕಲಹ ಎಂಬ ಸರಣಿಯಲ್ಲಿ ಕಷಾಯಗಳೇ ಮೈದಳೆದು ಬಂದುವೆಂದು ಪುರಾಣಕಾರರು ತಿಳಿದರು. ಹದಿನಾಲ್ಕನೆಯ ಮನು ನಾಭಿರಾಜನ ಮಗನಾದ ವೃಷಭಸ್ವಾಮಿಯು ಅಸಿ, ಮಸಿ, ಕೃಷಿ, ವಿದ್ಯಾ, ವಾಣಿಜ್ಯ, ಶಿಲ್ಪಗಳೆಂಬ ಷಟ್ಕರ್ಮಗಳನ್ನು ಕಲಿಸಿದನು. ಬ್ರಾಹ್ಮಿಗೆ ಲಿಪಿಯನ್ನೂ ಸೌಂದರಿಗೆ ಅಂಕಗಳನ್ನೂ ಉಪದೇಶಿಸಿದನು. ಬರವಣಿಗೆಯು ಕಲ್ಪವೃಕ್ಷಗಳು ಬಾಡಿದ ಮೇಲೆ ಹುಟ್ಟಿದ ವಿದ್ಯೆ, ಸುಖಕಾಲದಲ್ಲಿ ಅದರ ಅಗತ್ಯವೇ ಇರಲಿಲ್ಲ ಎಂಬುದು ಗ್ರಂಥಸಂಪಾದಕರು ಮನದಲ್ಲಿಡಬೇಕಾದ ಸಂಗತಿ.

ಈ ಅವಸರ್ಪಿಣಿಯು ಸಾಮಾನ್ಯವಾದುದಲ್ಲ, ಅಸಂಖ್ಯ ಕಾಲಚಕ್ರಗಳಿಗೊಮ್ಮೆ ಬರುವ ಹುಂಡಾವಸರ್ಪಿಣಿಯೆಂದು ತಿಲೋಯಪಣ್ಣತ್ತಿ ಹೇಳುತ್ತದೆ. ಇದರಲ್ಲಿ ಕ್ರಮ ತಪ್ಪಿದ ಹಲವು ಘಟನೆಗಳು ನಡೆಯುತ್ತವೆ. ಮೂರನೆಯ ಕಾಲದಲ್ಲಿಯೇ ಪ್ರಥಮ ತೀರ್ಥಂಕರನೂ ಪ್ರಥಮ ಚಕ್ರವರ್ತಿಯೂ ಜನಿಸಿದುದು ಒಂದು, ಚಕ್ರವರ್ತಿಯ ವಿಜಯಭಂಗ ಇನ್ನೊಂದು. ಆ ವಿಜಯಭಂಗವೆಂದರೆ ಭರತನು ಬಾಹುಬಲಿಗೆ ಸೋತುದಲ್ಲದೆ ಬೇರೆಯಲ್ಲ. ಕಾಲದೋಷಗಳ ಪಟ್ಟಿಯಲ್ಲಿ ಸೇರಿರುವ ಈ ಪ್ರಸಂಗದಿಂದಲೇ ಗೆದ್ದುದನ್ನು ತೊರೆದ ಬಾಹುಬಲಿಯ ವೈರಾಗ್ಯ ಹುಟ್ಟಿತು. ಅದನ್ನೇ ರನ್ನನ ಆಶ್ರಯದಾತರಲ್ಲೊಬ್ಬನಾದ ಚಾವುಂಡರಾಯನು ಕ್ರಿ.ಶ. 981ರ ಸುಮಾರಿಗೆ ಶ್ರವಣಬೆಳಗೊಳದ ಬೆಟ್ಟದ ಮೇಲೆ ಕಲ್ಲಿನಲ್ಲಿ ಕಡೆಯಿಸಿದನು. ಕಾಲದ ಕೊರೆಯೆಂದು ಎಣಿಸಿದುದು ಕನ್ನಡ ನಾಡಿನ ಅತ್ಯುನ್ನತ ಬಿಂಬವಾಯಿತು. ತ್ರಿಲೋಕಸಾರದ ಕರ್ತೃಗಳು ಚಾವುಂಡರಾಯನ ಗುರುಗಳೇ ಎಂಬುದನ್ನು ನೆನೆದರೆ, ಕಾಲಗಣನೆಯ ಶಾಸ್ತ್ರವನ್ನು ಬಲ್ಲವರೇ ಈ ಮೂರ್ತಿಯ ಹಿಂದೆ ಇದ್ದರೆಂಬುದೂ ಸ್ಪಷ್ಟ.

ರನ್ನನು ಕ್ರಿ.ಶ. 993ರಲ್ಲಿ ಅಜಿತಪುರಾಣವನ್ನು ರಚಿಸಿದಾಗ ಪಂಚಮಕಾಲದ ಸುಮಾರು 1,500 ವರ್ಷಗಳು ಕಳೆದಿದ್ದವು. ಅವನು ಆರಿಸಿಕೊಂಡ ಕಥಾವಸ್ತು ಎರಡನೆಯ ತೀರ್ಥಂಕರನದು. ಗುಣಭದ್ರಾಚಾರ್ಯರ ಉತ್ತರಪುರಾಣದ ದಾರಿಯಲ್ಲಿ ಸಾಗುವ ಈ ಕಥೆಯೊಡನೆ ಎರಡನೆಯ ಚಕ್ರವರ್ತಿ ಸಗರನ ವೃತ್ತಾಂತವೂ ಹೆಣೆದುಕೊಂಡಿದೆ. ಸಗರನ ಪೂರ್ವಜನ್ಮದ ಮಿತ್ರನಾದ ಮಣಿಕೇತುವೆಂಬ ದೇವನು ಅವನಿಗೆ ವೈರಾಗ್ಯವನ್ನುಂಟುಮಾಡಲು ಯತ್ನಿಸಿ ಮೊದಲಲ್ಲಿ ವಿಫಲನಾಗುತ್ತಾನೆ. ನಾಲ್ಕನೆಯ ಕಾಲದ ಚಕ್ರವರ್ತಿ, ತೀರ್ಥಂಕರನ ಸಮಕಾಲೀನ, ಆದರೂ ಎಚ್ಚರಗೊಳ್ಳಲೊಲ್ಲ! ಕೊನೆಗೆ ಕೈಲಾಸದ ಜಿನಾಲಯಗಳ ಸುತ್ತ ಅಗಳು ತೋಡಲು ಹೋದ ಅರುವತ್ತು ಸಾವಿರ ಮಕ್ಕಳು ಬೂದಿಯಾದಂತೆ ಮಣಿಕೇತುವು ಮಾಯೆಯನ್ನು ಒಡ್ಡುತ್ತಾನೆ. ಸತ್ತ ಮಗನನ್ನು ಹೊತ್ತ ಮುದುಕನ ವೇಷದಲ್ಲಿ ಬಂದು, ಪರರ ಮರಣಕ್ಕೆ ಅರಸನು ಹೇಳುವ ಸಮಾಧಾನವನ್ನೇ ಅರಸನ ಮೇಲೆ ತಿರುಗಿಸುತ್ತಾನೆ. ಭಗೀರಥನಿಗೆ ರಾಜ್ಯವನ್ನಿತ್ತು ಸಗರನು ದೀಕ್ಷೆ ವಹಿಸುತ್ತಾನೆ. ಎಚ್ಚೆತ್ತ ಮಕ್ಕಳೂ ತಂದೆಯ ದಾರಿಯನ್ನೇ ಹಿಡಿಯುತ್ತಾರೆ. ಉತ್ತಮ ಕಾಲದಲ್ಲಿಯೂ ಜೀವನ ಜಾಗೃತಿ ತಾನಾಗಿ ಆಗದು, ಮೋಹವು ಚತುರ್ಥಕಾಲದಲ್ಲಿಯೂ ಮೋಹವೇ ಎಂಬುದಕ್ಕೆ ಇದಕ್ಕಿಂತ ಬಲವಾದ ನಿದರ್ಶನ ಪುರಾಣಗಳಲ್ಲಿ ವಿರಳ. ಭೀಮ ದುರ್ಯೋಧನರ ಗದಾಯುದ್ಧವನ್ನು ಹಾಡಿದ ಕವಿಯೇ ಇದನ್ನೂ ಹೇಳಿದನೆಂಬುದನ್ನು ಮರೆತು ಅಜಿತಪುರಾಣವನ್ನು ಕಡೆಗಣಿಸುವ ಪ್ರವೃತ್ತಿ ಸಾಹಿತ್ಯಚರಿತ್ರಕಾರರಲ್ಲಿ ಬೆಳೆದಿರುವುದು ವಿಷಾದನೀಯ.

ಇದಕ್ಕೆ ಪ್ರತಿಯಾದ ಇನ್ನೊಂದು ನಿದರ್ಶನವು ಪುರಾಣಗಳ ಚೌಕಟ್ಟಿನಲ್ಲಿಯೇ ಇದೆ. ಮಹಾಪುರಾಣವೆಲ್ಲವೂ ಮಗಧದ ಅರಸ ಶ್ರೇಣಿಕನ ಪ್ರಶ್ನೆಗೆ ಗೌತಮ ಗಣಧರರು ಕೊಟ್ಟ ಉತ್ತರ. ಈ ಶ್ರೇಣಿಕನು ಯಶೋಧರಮುನಿಯ ಕೊರಳಿಗೆ ಸತ್ತ ಹಾವನ್ನು ಹಾಕಿ ಏಳನೆಯ ನರಕದ 33 ಸಾಗರಗಳ ಆಯುಷ್ಯವನ್ನು ಕಟ್ಟಿಕೊಂಡವನು. ಬಳಿಕ ಕ್ಷಾಯಿಕ ಸಮ್ಯಕ್ತ್ವವನ್ನು ಪಡೆದುದರಿಂದ ಅದು ಮೊದಲನೆಯ ನರಕದ 84,000 ವರ್ಷಗಳಿಗೆ ಇಳಿಯಿತು. ಮುಂಬರುವ ಉತ್ಸರ್ಪಿಣಿಯಲ್ಲಿ ಅವನೇ ಮಹಾಪದ್ಮನೆಂಬ ಪ್ರಥಮ ತೀರ್ಥಂಕರನಾಗುವನು. ಲೆಕ್ಕವನ್ನು ಕೂಡಿಸಿ ನೋಡಬಹುದು. ಅವಸರ್ಪಿಣಿಯ ಕೊನೆಯ ಎರಡು ಕಾಲಗಳು 42,000 ವರ್ಷ, ಉತ್ಸರ್ಪಿಣಿಯ ಮೊದಲ ಎರಡು ಕಾಲಗಳು 42,000 ವರ್ಷ, ಒಟ್ಟು 84,000. ಜಗತ್ತಿನ ಕತ್ತಲೆಯ ಅವಧಿಯೂ ಒಬ್ಬ ಜೀವನ ನರಕವಾಸದ ಅವಧಿಯೂ ಸರಿಸಮನಾಗಿವೆ. ಪುರಾಣವನ್ನು ಮೊದಲು ಕೇಳಿದ ಕಿವಿಗಳು ಪುಣ್ಯಪುರುಷನವಲ್ಲ, ನರಕಕ್ಕೆ ಸಲ್ಲಲಿರುವವನವು. ಸಮ್ಯಗ್ದರ್ಶನವು ಅವನಿಗೆ ಒದಗಿದುದು ಚತುರ್ಥಕಾಲದ ಕೊನೆಯಂಚಿನಲ್ಲಿ, ಕಾಲವು ಇಳಿಯುತ್ತಿರುವಾಗಲೇ.

ಸಿದ್ಧಾಂತದ ಭಾಷೆಯಲ್ಲಿ ಹೇಳುವುದಾದರೆ ಕಾಲದ್ರವ್ಯವು ಪರಿಣಾಮಗಳಿಗೆ ನಿಮಿತ್ತಮಾತ್ರ. ಉಪಾದಾನವು ಆಯಾ ದ್ರವ್ಯವೇ. ಕುಂಬಾರನ ತಿಗರಿಯ ಕೆಳಗಿನ ಕಲ್ಲು ತಿಗರಿ ತಿರುಗಲು ಆಧಾರವಾಗುತ್ತದೆಯೇ ಹೊರತು ತಾನೇ ಮಡಕೆಯನ್ನು ಮಾಡುವುದಿಲ್ಲ ಎಂದು ಪಾಠಶಾಲೆಗಳಲ್ಲಿ ಇದನ್ನು ವಿವರಿಸುವುದುಂಟು. ಕುಂದಕುಂದಾಚಾರ್ಯರ ಮೋಕ್ಖಪಾಹುಡದಲ್ಲಿ ಈ ವಿಚಾರ ಇನ್ನೂ ಖಂಡಿತವಾದ ಧ್ವನಿಯಲ್ಲಿ ಬಂದಿದೆ. ಇದು ಧ್ಯಾನಕ್ಕೆ ತಕ್ಕ ಕಾಲವಲ್ಲವೆಂದು ನೆಪ ಹೇಳುವವರನ್ನು ಆಚಾರ್ಯರು ನಿಷ್ಠುರವಾಗಿ ಖಂಡಿಸಿ, ಭರತಕ್ಷೇತ್ರದ ದುಷ್ಷಮಕಾಲದಲ್ಲಿಯೂ ಧರ್ಮಧ್ಯಾನ ಉಂಟೆಂದೂ, ರತ್ನತ್ರಯದಿಂದ ಶುದ್ಧರಾದವರು ಇಂದಿಗೂ ಉನ್ನತ ದೇವಪದವಿಯನ್ನು ಪಡೆದು ಅಲ್ಲಿಂದ ಬಂದು ಮುಕ್ತರಾಗುವರೆಂದೂ ಸಾರುತ್ತಾರೆ. ಇಲ್ಲಿ ಮೋಕ್ಷದ ಬಾಗಿಲು ಈ ಜನ್ಮಕ್ಕೆ ಮುಚ್ಚಿದೆ, ಹಾದಿ ಮಾತ್ರ ಮುಚ್ಚಿಲ್ಲ.

ಅವಸರ್ಪಿಣಿಯೆಂಬುದು ಸಾಗರ ಪಲ್ಯಗಳ ಭಾಷೆಯಲ್ಲಿ ಎಷ್ಟೇ ದೂರದ್ದಾಗಿ ತೋರಿದರೂ, ಆಚಾರ್ಯಪರಂಪರೆಯ ನಿಜವಾದ ಅನುಭವದಲ್ಲಿ ಅದು ಶ್ರುತದ ಮರೆವೇ ಆಗಿದ್ದಿತು. ವೀರನಿರ್ವಾಣಾನಂತರ 62 ವರ್ಷಗಳಲ್ಲಿ ಮೂವರು ಕೇವಲಿಗಳು, 100 ವರ್ಷಗಳಲ್ಲಿ ಐವರು ಶ್ರುತಕೇವಲಿಗಳು, 183 ವರ್ಷಗಳಲ್ಲಿ ಹನ್ನೊಂದು ಮಂದಿ ದಶಪೂರ್ವಿಗಳು, 220 ವರ್ಷಗಳಲ್ಲಿ ಐವರು ಏಕಾದಶಾಂಗಧಾರಿಗಳು, 118 ವರ್ಷಗಳಲ್ಲಿ ನಾಲ್ವರು ಆಚಾರಾಂಗಧಾರಿಗಳು. ಒಟ್ಟು 683 ವರ್ಷ. ಪ್ರತಿಯೊಂದು ಮೆಟ್ಟಿಲಿನಲ್ಲಿಯೂ ನೆನಪಿನಲ್ಲಿ ಉಳಿದುದು ಕಡಿಮೆಯಾಗುತ್ತ ಹೋಯಿತು. ಅಳಿದುಳಿದ ಅಂಶವೂ ನಷ್ಟವಾದೀತೆಂಬ ಅಳುಕಿನಿಂದ ಗಿರಿನಗರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು ಪುಷ್ಪದಂತ ಭೂತಬಲಿಗಳಿಗೆ ಅದನ್ನು ಉಪದೇಶಿಸಿದರು. ಷಟ್ಖಂಡಾಗಮವು ಗ್ರಂಥಾರೂಢವಾದ ಜ್ಯೇಷ್ಠ ಶುಕ್ಲ ಪಂಚಮಿಯು ಶ್ರುತಪಂಚಮಿಯಾಯಿತು. ಅದರ ಮೇಲಿನ ವೀರಸೇನರ ಧವಳಾ ಟೀಕೆಯ ತಾಡವೋಲೆಗಳು ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಹಳಗನ್ನಡ ಲಿಪಿಯಲ್ಲಿ ಉಳಿದು ಬಂದು, 1939ರಿಂದ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 16 ಸಂಪುಟಗಳಾಗಿ ಅಚ್ಚಾದುದು ಸರ್ವವಿದಿತ. ತಿಲೋಯಪಣ್ಣತ್ತಿಯನ್ನು ಅದೇ ಹೀರಾಲಾಲರೊಡನೆ ಸಂಪಾದಿಸಿ 1943 ಮತ್ತು 1951ರಲ್ಲಿ ಸೊಲ್ಲಾಪುರದಿಂದ ಹೊರತಂದವರು ಬೆಳಗಾವಿ ಜಿಲ್ಲೆಯ ಸದಲಗಾದ ಆ.ನೇ. ಉಪಾಧ್ಯೆಯವರು.

ಪಂಚಮಕಾಲದ ಕೆಡುಕಿಗೆ ಪುರಾಣಗಳು ಕೊಟ್ಟ ಹೆಸರು ಕಲ್ಕಿ. ವೈಷ್ಣವ ಪುರಾಣಗಳಲ್ಲಿ ಕಲ್ಕಿಯು ಉದ್ಧಾರಕ. ಜೈನ ಪರಂಪರೆಯಲ್ಲಿ ಅವನು ಪೀಡಕ, ನಿರ್ಗ್ರಂಥಮುನಿಯ ಕೈಯಲ್ಲಿನ ಮೊದಲ ತುತ್ತನ್ನೇ ಸುಂಕವಾಗಿ ಕೇಳುವ ಅರಸು. ಸಾವಿರ ವರ್ಷಗಳಿಗೊಬ್ಬ ಕಲ್ಕಿ, ನಡುವೆ ಒಬ್ಬ ಉಪಕಲ್ಕಿ. ಮೊದಲ ಕಲ್ಕಿ ಚತುರ್ಮುಖನ ಕಾಲದ ಬಗ್ಗೆ ಗ್ರಂಥಗಳಲ್ಲಿ ಮತಭೇದವಿದೆ. ತಿಲೋಯಪಣ್ಣತ್ತಿಯು ಅವನ 42 ವರ್ಷಗಳ ಆಳಿಕೆಯನ್ನು ಸೇರಿಸಿಕೊಂಡೇ ಸಾವಿರ ವರ್ಷಗಳನ್ನು ತುಂಬಿಸುತ್ತದೆ. ಉತ್ತರಪುರಾಣವು ಸಾವಿರ ವರ್ಷ ಕಳೆದ ಮೇಲೆ ಅವನ ಜನನವನ್ನು ಹೇಳಿ 70 ವರ್ಷಗಳ ಆಯುಸ್ಸನ್ನು ಕೊಡುತ್ತದೆ. ಕಾಶೀನಾಥ ಬಾಪೂಜಿ ಪಾಠಕರು ಎರಡನೆಯ ಲೆಕ್ಕವನ್ನು ಹಿಡಿದು ಅವನನ್ನು ಹೂಣರ ಮಿಹಿರಕುಲನೊಡನೆ ಸಮೀಕರಿಸಿದರು. ಕಾಶೀಪ್ರಸಾದ ಜಾಯಸ್ವಾಲರು ಯಶೋಧರ್ಮನ ಕಡೆಗೆ ಬೊಟ್ಟುಮಾಡಿದರು. ಎರಡು ಸಮೀಕರಣಗಳೂ ಪುರಾಣದ ಒಂದು ಪಾಠವನ್ನೇ ಅತಿಯಾಗಿ ನೆಚ್ಚಿದವುಗಳು. ಕಲ್ಕಿಯ ಮಗ ಅಜಿತಂಜಯನು ಧರ್ಮದಿಂದ ಆಳಿದನೆಂದು ಗ್ರಂಥಗಳು ಕೂಡಲೇ ಹೇಳುತ್ತವೆಯೆಂಬುದು ಇಂತಹ ಚರ್ಚೆಯಲ್ಲಿ ಬಿಟ್ಟುಹೋಗುತ್ತದೆ. ಇಳಿಗಾಲದಲ್ಲಿಯೂ ತಂದೆಯ ದೋಷ ಮಗನಿಗೆ ಅಂಟಲಿಲ್ಲ. ಕಟ್ಟಕಡೆಗೆ ವೀರಾಂಗಜನೆಂಬ ಮುನಿ, ಸರ್ವಶ್ರೀಯೆಂಬ ಆರ್ಯಿಕೆ, ಒಬ್ಬ ಶ್ರಾವಕ, ಒಬ್ಬ ಶ್ರಾವಿಕೆ ಇಷ್ಟರಲ್ಲೇ ಚತುಸ್ಸಂಘ ಪೂರ್ಣವಾಗಿರುತ್ತದೆ. ಕೊನೆಯ ಕಲ್ಕಿ ತುತ್ತನ್ನು ಕಸಿದಾಗ ಅವರು ಸಲ್ಲೇಖನವನ್ನು ಕೈಕೊಳ್ಳುವರು.

ಅತಿದುಷ್ಷಮದ ಅಂತ್ಯದಲ್ಲಿ 49 ದಿನಗಳ ಪ್ರಳಯವೃಷ್ಟಿ, ಉತ್ಸರ್ಪಿಣಿಯ ಆದಿಯಲ್ಲಿ 49 ದಿನಗಳ ಸುವೃಷ್ಟಿ. ಶ್ರಾವಣ ಕೃಷ್ಣ ಪ್ರತಿಪದೆಯಿಂದ ಎಣಿಸಿದರೆ ಐವತ್ತನೆಯ ದಿನ ಭಾದ್ರಪದ ಶುಕ್ಲ ಪಂಚಮಿ, ದಶಲಕ್ಷಣ ಪರ್ವದ ಮೊದಲ ದಿನ. ಉತ್ತರದ ಪೂರ್ಣಿಮಾಂತ ಗಣನೆಯ ಈ ಶ್ರಾವಣ ಕೃಷ್ಣವು ಕನ್ನಡಿಗರ ಪಂಚಾಂಗದಲ್ಲಿ ಆಷಾಢ ಬಹುಳವಾಗುವುದರಿಂದ ಇಲ್ಲಿನ ಲೇಖಕರು ತಿಥಿಗಳನ್ನು ನಕಲು ಮಾಡುವಾಗ ಎಚ್ಚರವಹಿಸಬೇಕಾಗುತ್ತದೆ. ವಿಪುಲಾಚಲದಲ್ಲಿ ವರ್ಧಮಾನಸ್ವಾಮಿಯ ದಿವ್ಯಧ್ವನಿ ಮೊದಲು ಹೊರಟುದೂ ಅದೇ ಪ್ರತಿಪದೆಯಂದು.

ರನ್ನನಿಂದ ಅಜಿತಪುರಾಣವನ್ನು ಬರೆಯಿಸಿದವಳು ದಾನಚಿಂತಾಮಣಿ ಅತ್ತಿಮಬ್ಬೆ. ಅವಳ ತಂದೆ ಮಲ್ಲಪನೂ ಅವನ ತಮ್ಮ ಪುನ್ನಮಯ್ಯನೂ ಪೊನ್ನನಿಂದ ಶಾಂತಿಪುರಾಣವನ್ನು ರಚಿಸಿಸಿದ್ದರು. ಆ ಕಾವ್ಯದ ಸಾವಿರ ಪ್ರತಿಗಳನ್ನು ಎತ್ತಿಸಿ ಅವಳು ಹಂಚಿದಳೆಂಬುದು ಪ್ರಸಿದ್ಧ. ಸಾವಿರವೆಂಬುದು ಕವಿಸಮಯದ ಸಂಖ್ಯೆಯಾಗಿರಬಹುದೆಂದು ಶಂಕಿಸುವವರುಂಟು. ಹಾಗೆಯೇ ಇಟ್ಟುಕೊಂಡರೂ, ಜಿನಬಿಂಬಗಳ ದಾನದ ಸಮಕ್ಕೆ ಓಲೆಯ ಪ್ರತಿಗಳನ್ನು ಎಣಿಸಿ ಹೇಳಿರುವುದೇ ಸಾಕಷ್ಟು ಅರ್ಥಪೂರ್ಣವಾದುದು. ಓಲೆ ಕೊಯ್ದು ಹದಮಾಡಿ, ಕಂಠದಿಂದ ಕೊರೆದು, ಮಸಿ ತುಂಬಿಸಿ ಒಂದು ಚಂಪೂಕಾವ್ಯದ ಪ್ರತಿ ಮುಗಿಸಲು ಒಬ್ಬ ಲಿಪಿಕಾರನಿಗೆ ಹಿಡಿಯುವ ಶ್ರಮವನ್ನು ಬಲ್ಲವರು ಇದನ್ನು ಹಗುರವಾಗಿ ಕಾಣಲಾರರು. ಪೊನ್ನನ ಭುವನೈಕ ರಾಮಾಭ್ಯುದಯ ಇಂದು ದೊರೆಯದು, ಶಾಂತಿಪುರಾಣ ದೊರೆಯುತ್ತದೆ. ಕ್ರಿ.ಶ. 1007ರ ಲಕ್ಕುಂಡಿಯ ಶಾಸನದಲ್ಲಿ ಅತ್ತಿಮಬ್ಬೆಯ ಬಸದಿಯೂ ಅವಳ ಮಹಿಮೆಯೂ ದಾಖಲಾಗಿವೆ.

ಕವಿಯ ನಂತರ ನೂರಿಪ್ಪತ್ತು ನೂರಮೂವತ್ತು ವರ್ಷಗಳಿಗೆ ಅವನ ನಾಡಿನಲ್ಲಿಯೇ, ಆರನೆಯ ವಿಕ್ರಮಾದಿತ್ಯನ ಆಳಿಕೆಯ ಕೊನೆಯ ವರ್ಷಗಳಲ್ಲಿ, ತೇರದಾಳದ ಮಾಂಡಳಿಕ ಗೊಂಕನು ನೇಮಿನಾಥ ಬಸದಿಯನ್ನು ಕಟ್ಟಿಸಿದನು. ಕೊಲ್ಲಾಪುರದ ರೂಪನಾರಾಯಣ ಬಸದಿಯ ಮಾಘನಂದಿ ಸೈದ್ಧಾಂತಿಕರ ಹೆಸರು ಅಲ್ಲಿಯ ಶಾಸನದಲ್ಲಿ ಗೌರವದಿಂದ ಬಂದಿದೆ. ಹಾವು ಕಚ್ಚಿದಾಗ ಗೊಂಕನು ಬೇರಾವ ಮದ್ದನ್ನೂ ಮಂತ್ರವನ್ನೂ ನೆಚ್ಚದೆ ಪಂಚಪರಮೇಷ್ಠಿಗಳ ನಾಮವನ್ನೇ ನೆನೆದು ವಿಷಮುಕ್ತನಾದನೆಂಬ ಪ್ರಸಂಗವೂ ಆ ಶಾಸನದಲ್ಲಿದೆ. ಇದರ ಪಾಠವನ್ನು 1885ರಲ್ಲಿ ಇಂಡಿಯನ್ ಆಂಟಿಕ್ವರಿಯಲ್ಲಿ ಪ್ರಕಟಿಸಿದವರು ಕಲ್ಕಿಯ ಕಾಲವನ್ನು ಶೋಧಿಸಿದ ಅದೇ ಪಾಠಕರು. ದಾನಶಾಸನಗಳಲ್ಲಿ ದಾನವು ಆಚಂದ್ರಾರ್ಕವಾಗಿ ಸಲ್ಲಲೆಂದು ಬರೆಯಿಸುವುದು ಅಂದಿನ ರೂಢಿ. ಪಂಚಮಕಾಲಕ್ಕೆ 21,000 ವರ್ಷಗಳ ಮಿತಿಯಿದೆಯೆಂದು ಬಲ್ಲ ಜೈನ ದಾನಿಗಳೂ ಆ ಮಾತನ್ನು ಸಂಕೋಚವಿಲ್ಲದೆ ಬಳಸಿದರು. ಅದೇ ಶತಮಾನದ ಮುಂದಿನ ದಶಕಗಳಲ್ಲಿ, ಕಲ್ಯಾಣದ ಸಿಂಹಾಸನವು ಚಾಲುಕ್ಯರಿಂದ ಕಳಚುರಿಗಳಿಗೂ ಅವರಿಂದ ಮತ್ತೆ ಚಾಲುಕ್ಯರಿಗೂ ಕೈಬದಲಾಗುತ್ತಿದ್ದಾಗ, ತೇರದಾಳದ ಆ ಕಲ್ಲಿನ ಮೇಲೆ ಮತ್ತೆರಡು ದಾನಲೇಖಗಳು ಸೇರಿದವು.